ಹುಳು ಮೇಯುವ ಸದ್ದು

ಅಲ್ಲಿ ದೆವ್ವ ಇರಲಿಲ್ಲ. ರೇಷ್ಮೆ ಹುಳು ಸೊಪ್ಪು ಮೇಯುತ್ತಿದ್ದವು. ಹಾಗೆಂದು ನಾನು ಹೇಳಿದೆ, ಹುಡುಗಿ ನಂಬಲಿಲ್ಲ. ನಂಬಿಸಬೇಕಾದರೆ ಬಾಗಿಲು ತೆಗೆದು ತೋರಿಸಬೇಕಿತ್ತು. ನಾನು ತೆಗೆಯಲಿಲ್ಲ. ಅವಳು ಗಂಟುಮೂಟೆ ಕಟ್ಟಿಕೊಂಡು ಹೋದಳು. ನಡೆದದ್ದು ಇಷ್ಟೇ. ಊರಿನವರು ಆಮೇಲೆ ಏನೇನೋ ಸೇರಿಸಿ ಹೇಳಿಕೊಂಡರು. ಹುಣಸೆಮರದ ಮೋಹಿನಿ ಅಂದರು. ಸತ್ತ ನನ್ನ ಗಂಡ ಬಂದು ಓಡಾಡುತ್ತಾನೆ ಅಂದರು. ನನ್ನ ಗಂಡ ಬದುಕಿದ್ದಾಗಲೇ ಹುಳುಮನೆ ಕಡೆ ತಲೆ ಹಾಕಿದವನಲ್ಲ, ಸತ್ತ ಮೇಲೆ ಬಂದು ಸೊಪ್ಪು ಹಾಕುತ್ತಾನೆಯೇ?

ಹಾರೋಹಳ್ಳಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ವರ್ಷಗಳವು. ನಮ್ಮ ಮೇಲಿನ ಹೊಲ ಅದಕ್ಕೆ ಹೋಯಿತು. ಕೆಳಗಿನ ಹಿಪ್ಪುನೇರಳೆ ತೋಟ, ಒಂದು ಬೋರ್‌ವೆಲ್, ತೋಟದೊಳಗೆ ನಾವೇ ಕಟ್ಟಿಸಿದ್ದ ಹುಳುಮನೆ, ಇವು ಉಳಿದವು. ಮಗ ರೋಡಿನ ಪಕ್ಕ ತಾರಸಿ ಮನೆ ಕಟ್ಟಿ ಹೆಂಡತಿ ಮಕ್ಕಳ ಜೊತೆ ಅಲ್ಲಿಗೆ ಹೋದ. ನಾನು ಹೋಗಲಿಲ್ಲ. ಹುಳು ಸಾಕುವವರು ಹುಳುವಿನ ಹತ್ತಿರವೇ ಇರಬೇಕು. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕು, ಸೆಕೆಯಾದರೆ ಗೋಣಿತಾಟು ನೆನೆಸಿ ಕಟ್ಟಬೇಕು, ಚಳಿಯಾದರೆ ಇದ್ದಿಲು ಒಲೆ ಇಡಬೇಕು. ಹುಳುಮನೆಗೆ ಅಂಟಿಕೊಂಡ ಕೋಣೆಯಲ್ಲಿ ನಾನಿದ್ದೆ.

"ಆ ಹುಳಕ್ಕೂ ನಿಂಗೂ ಲಗ್ನ ಆಗೈತೇನವ್ವ?" ಎಂದು ಮಗ ಕೇಳುತ್ತಿದ್ದ.

"ಹುಳ ಮಾತಾಡ್ಸಕಿಲ್ಲ ಅನ್ನೋದೊಂದ್ ಬುಟ್ರೆ ನಿನ್ ಹೆಂಡ್ರಿಗಿಂತ ವಾಸಿ ಕಣ್ಲಾ," ಎಂದು ನಾನು ಹೇಳುತ್ತಿದ್ದೆ. ಅವನು ನಗುತ್ತಿದ್ದ. ಸೊಸೆಗೆ ಈ ಮಾತು ಮುಟ್ಟುತ್ತಿತ್ತು, ಅವಳು ನಗುತ್ತಿರಲಿಲ್ಲ.

ಹುಳು ಸಾಕದವರಿಗೆ ಒಂದು ವಿಷಯ ತಿಳಿಯದು. ಮನೆಯಲ್ಲಿ ಹುಳು ಇರುವಷ್ಟು ದಿನ ಹುಳುಮನೆಗೆ ಹೊರಗಿನವರು ಬರಬಾರದು. ಸಾವಿನ ಮನೆಗೆ ಹೋಗಿಬಂದವರು ಬರಬಾರದು, ಮುಟ್ಟಾದವರು ಬರಬಾರದು, ಬೀಡಿ ಸೇದಿದವರು, ಸೆಂಟು ಹಾಕಿದವರು, ತಲೆಗೆ ವಾಸನೆ ಎಣ್ಣೆ ಹಚ್ಚಿದವರು ಬರಬಾರದು. ಒಳಗಿರುವವರು ಮದುವೆಗೂ ಹೋಗುವಂತಿಲ್ಲ, ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದರೆ ನೋಡಲೂ ಹೋಗುವಂತಿಲ್ಲ. ಮೊಮ್ಮಕ್ಕಳು ಬಂದರೂ ಬೇಲಿಯ ಆಚೆ ನಿಂತು "ಅಜ್ಜೀ" ಎಂದು ಕೂಗಿ ಹೋಗುತ್ತಿದ್ದವು. ಒಂದು ಬೆಳೆ ಮುಗಿದು ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಬೆಳೆ. ದಿನಗಟ್ಟಲೆ ನನ್ನ ಬಾಯಿಂದ ಬಂದ ಮಾತೆಂದರೆ ಕಾಗೆ ಓಡಿಸುವ "ಹುಶ್" ಒಂದೇ. ಇದನ್ನು ಯಾರ ಮುಂದೆಯೂ ಹೇಳಿಕೊಂಡಿಲ್ಲ. ಹೇಳಿದ್ದರೆ ಮಗ ಹಾಸಿಗೆ ಸುತ್ತಿಕೊಂಡು ಬಾ ಎನ್ನುತ್ತಿದ್ದ, ಸೊಸೆ ಮುಖ ಗಂಟಿಕ್ಕುತ್ತಿದ್ದಳು.

ಆ ಹುಡುಗಿ ಬಂದದ್ದು ಎರಡು ಬೆಳೆಯ ನಡುವೆ. ತೋಟ ಕತ್ತರಿಸಿ ಸೊಪ್ಪು ಚಿಗುರಲು ಬಿಟ್ಟಿದ್ದೆ, ಹುಳುಮನೆ ಖಾಲಿ ಇತ್ತು. ಗದಗದ ಕಡೆಯವಳು. ಅವಳ ಸೋದರಮಾವ ಕಾರ್ಖಾನೆ ಕಟ್ಟುವ ಗಾರೆ ಕೆಲಸಕ್ಕೆ ಬಂದಿದ್ದವನು ಅವಳನ್ನು ಊದುಬತ್ತಿ ಕಾರ್ಖಾನೆಗೆ ಸೇರಿಸಿ, ಬಾಡಿಗೆಗೆ ಕೋಣೆ ಹುಡುಕಿಕೊಂಡು ನಮ್ಮಲ್ಲಿಗೆ ಬಂದ. ಅಂಗಳದ ಆಚೆ ಬದಿಗೆ ಗೊಬ್ಬರ, ಸುಣ್ಣ ಇಡುತ್ತಿದ್ದ ಕೋಣೆಯೊಂದಿತ್ತು. ಬಳಿಸಿ ಕೊಟ್ಟೆ. ಅವನು ಅದೇ ತಿಂಗಳು ಬೇರೆ ಕಡೆ ಕೆಲಸಕ್ಕೆ ಹೋದ. ಹುಡುಗಿ ಉಳಿದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಬೆಳಗ್ಗೆ ಆರೂವರೆಗೆ ರೋಡಿನಲ್ಲಿ ಕಾರ್ಖಾನೆ ವ್ಯಾನು ಹತ್ತುತ್ತಿದ್ದಳು, ಸಂಜೆ ಏಳರ ಹೊತ್ತಿಗೆ ಇಳಿಯುತ್ತಿದ್ದಳು.

ಅವಳ ಹತ್ತಿರ ಒಂದು ಟ್ರಂಕು, ಒಂದು ಪುಟ್ಟ ಟೀವಿ, ಸೀಡಿ ಹಾಕುವ ಪೆಟ್ಟಿಗೆ ಇದ್ದವು. ಭಾನುವಾರ ಹಾರೋಹಳ್ಳಿಯ ಅಂಗಡಿಯಿಂದ ಸೀಡಿ ತರುತ್ತಿದ್ದಳು. ತರುತ್ತಿದ್ದದ್ದೆಲ್ಲ ದೆವ್ವದ ಪಿಕ್ಚರೇ. ಒಬ್ಬಳೇ ನೋಡಲು ಧೈರ್ಯವಿಲ್ಲ, ನೋಡದೆ ಇರಲೂ ಆಗದು.

"ಅಜ್ಜಿ, ಬರ್ರಿ, ನನ್ನ ಬಾಜೂಕ ಕುಂದರ್ರಿ. ನೀವು ಇದ್ರ ನನಗ ಅಂಜಿಕಿ ಆಗಂಗಿಲ್ಲ," ಎಂದು ಕರೆಯುತ್ತಿದ್ದಳು.

ಮಧ್ಯಾಹ್ನ ಉಂಡು ಎರಡು ಗಂಟೆಗೆ ಕೂತರೆ ಐದರವರೆಗೆ. ನಾನು ಕಡಲೆಕಾಯಿ ಸುಲಿಯುತ್ತಿದ್ದೆ, ಅವಳು ಬೆರಳ ಸಂದಿಯಿಂದ ನೋಡುತ್ತಿದ್ದಳು. ನಾಲ್ಕು ಪಿಕ್ಚರ್ ನೋಡುವಷ್ಟರಲ್ಲಿ ನನಗೆ ಅದರ ದಾರಿಯೆಲ್ಲ ಗೊತ್ತಾಗಿಹೋಯಿತು. ಒಂದು ಸಂಸಾರ ಹಳೇ ಬಂಗಲೆಗೆ ಬರುತ್ತದೆ. ಮೊದಲಿದ್ದವರು ಯಾಕೆ ಬಿಟ್ಟುಹೋದರು ಎಂದು ಒಬ್ಬರೂ ಕೇಳುವುದಿಲ್ಲ. ನಾಯಿ ಮೊದಲು ಬೊಗಳುತ್ತದೆ. ಬಾಗಿಲು ಕಿರ್ರೆನ್ನುತ್ತದೆ, ಅದಕ್ಕೆ ಯಾರೂ ಎಣ್ಣೆ ಬಿಡುವುದಿಲ್ಲ. ಗೆಜ್ಜೆ ಸದ್ದು ಕೇಳಿದ ಕೂಡಲೇ ಆ ಸಂಸಾರದ ಹೆಣ್ಣು ಒಬ್ಬಳೇ, ಅದೂ ಮೇಣದ ಬತ್ತಿ ಹಿಡಿದು, ಸದ್ದಿನ ಕಡೆಗೇ ಹೋಗುತ್ತಾಳೆ. ಏನೋ ಹಾರಿ ಬೀಳುತ್ತದೆ. ನೋಡಿದರೆ ಬೆಕ್ಕು. ಬೆಕ್ಕು ಎಂದು ಸಮಾಧಾನವಾದ ಮೇಲೆ ನಿಜವಾದದ್ದು ಹಿಂದೆ ನಿಂತಿರುತ್ತದೆ.

"ಕರೆಂಟ್ ಹೋದ್ರೆ ಇವ್ರ ಮನೇಲಿ ಒಂದು ಬ್ಯಾಟ್ರಿ ಇಲ್ವಾ?" ಎಂದು ನಾನು ಕೇಳುತ್ತಿದ್ದೆ.

"ಸುಮ್ಕಿರ್ರಿ ಅಜ್ಜಿ, ಈಗ ಬರ್ತೈತಿ."

"ಆ ಬಿಳೀ ಸೀರೆ ಒಗೆಯೋರು ಯಾರಮ್ಮಿ? ಬಾವಿ ಒಳಗಿಂದ ಬತ್ತಾಳೆ, ಒಂದ್ ಕೆಸರಿನ ಕಲೆ ಇಲ್ಲ."

ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಹೆದರಿಕೆ ಅರ್ಧಕ್ಕರ್ಧ ಇಳಿಯುತ್ತಿತ್ತು. ದೆವ್ವ ಬರುವ ಮೊದಲು ಮಲ್ಲಿಗೆ ವಾಸನೆ ಬರುತ್ತದೆ ಎಂದು ಒಂದು ದಿನ ಹೇಳಿದಳು. ಅವಳಿಂದಲೇ ಮೂರು ಹೊತ್ತೂ ಮಲ್ಲಿಗೆ ಊದುಬತ್ತಿಯ ವಾಸನೆ ಹೊಡೆಯುತ್ತಿತ್ತು. ಸೀಗೆಕಾಯಿ ಹಾಕಿ ಉಜ್ಜಿದರೂ ಕೂದಲಿಂದ ಹೋಗುತ್ತಿರಲಿಲ್ಲ. "ಹಂಗಾರೆ ದಿನಾ ಏಳು ಗಂಟೆಗೆ ವ್ಯಾನಲ್ಲಿ ಇಳಿಯೋದು ದೆವ್ವಾನೇ," ಅಂದೆ.

ಎಲ್ಲ ಪಿಕ್ಚರಿನಲ್ಲೂ ಒಬ್ಬಳು ಮುದುಕಿ ಇರುತ್ತಿದ್ದಳು. ಬಂಗಲೆ ನೋಡಿಕೊಳ್ಳುವವಳು. ಸೊಂಟದಲ್ಲಿ ಬೀಗದ ಕೈ. ಹೊಸಬರು ಏನು ಕೇಳಿದರೂ "ಅದು ಇಲಿ ಸದ್ದು" ಅನ್ನುತ್ತಾಳೆ, "ಆ ಕೋಣೆಗೆ ಹೋಗಬೇಡಿ" ಅನ್ನುತ್ತಾಳೆ, ಯಾಕೆಂದು ಬಾಯಿ ಬಿಡುವುದಿಲ್ಲ. ಅವಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಹೇಳಿಬಿಟ್ಟರೆ ಎಲ್ಲರ ಜೀವ ಉಳಿಯುತ್ತದಲ್ಲ.

"ಅದ್ಸರಿ, ಸದ್ದು ಕೇಳ್ದೇಟ್ಗೆ ಮನೆ ಬುಟ್ಟು ಹೋಗೋದಲ್ವಾ ಇವ್ರು?" ಅಂದೆ ಒಮ್ಮೆ.

"ಹೋದ್ರ ಪಿಚ್ಚರ್ ಮುಗದ ಹೋಕ್ಕೈತಲ್ರಿ," ಅಂದಳು.

ಭಾನುವಾರ ಬರಲಿ ಎಂದು ನಾನು ಕಾಯಲು ಶುರುಮಾಡಿದ್ದು ಆಗ. ಆ ವಯಸ್ಸಿನಲ್ಲಿ ವಾರ ಎಣಿಸುವುದು ನಾಚಿಕೆಗೇಡು, ಆದರೂ ಎಣಿಸಿದೆ. ಸಂಜೆ ವ್ಯಾನಿನ ಸದ್ದು ಕೇಳಿದರೆ ಒಲೆಯ ಮೇಲೆ ನೀರಿಡುತ್ತಿದ್ದೆ. ಈ ಹುಡುಗಿ ಇಲ್ಲೇ ಇರಲಿ ಎಂದು ನನಗಿತ್ತು. ಬಾಡಿಗೆ ಬರದಿದ್ದರೂ ಸರಿ, ಇರಲಿ ಎಂದು.

ತೋಟ ಸೊಪ್ಪಿಗೆ ಬಂತು. ಎರಡು ಜ್ವರ ಕಳೆದ ಚಾಕಿ ಹುಳು, ಎಂದರೆ ಮರಿಹುಳು, ತಂದು ತಟ್ಟೆಗೆ ಬಿಟ್ಟೆ. ಹುಳು ಪೊರೆ ಬಿಡುವಾಗ ಒಂದು ದಿನ ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ, ಅದಕ್ಕೇ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ ಬರದಂತೆ ಬಾಗಿಲಿಗೆ ಬಲೆ ಹೊಡೆದು, ಬೇವಿನ ಸೊಪ್ಪು, ಹಳೇ ಚಪ್ಪಲಿ ಕಟ್ಟಿ, ಹೊಸಿಲಿಗೆ ಸುಣ್ಣದ ಪುಡಿ ಎಳೆದು ಬೀಗ ಹಾಕಿದೆ. ಹುಡುಗಿಗೆ ಹೇಳಿದೆ: "ಈ ಬಾಗ್ಲ ತಾವ ಬರ್ಬೇಡ ಮಗ. ಒಳೀಕೆ ಅಂತೂ ಇಣುಕಲೇಬೇಡ."

"ಯಾಕ್ರಿ?"

"ಬರ್ಬಾರ್ದು ಕಣಮ್ಮಿ, ಅಷ್ಟೆಯ."

ಆ ಕ್ಷಣಕ್ಕೆ ನನಗೆ ಏನೂ ಹೊಳೆಯಲಿಲ್ಲ.

ಮೂರನೇ ಜ್ವರದಿಂದ ಎದ್ದ ಮೇಲೆ ಹುಳುವಿನ ಮೇವು ಕಿವಿಗೆ ಬೀಳಲು ಶುರುವಾಗುತ್ತದೆ. ಒಂದು ಸಂಜೆ ಕರೆಂಟ್ ಹೋಗಿತ್ತು. ಹುಡುಗಿ ವ್ಯಾನಿಳಿದು ಬಂದವಳು ಅಂಗಳದ ನಡುವೆ ನಿಂತು ಕೈ ಚಾಚಿದಳು.

"ಅಜ್ಜಿ, ಮಳಿ ಬರಾಕತ್ತೈತೇನ್ರಿ?"

"ಮಳೆ ಎಲ್ಲೈತೆ? ಮೇಲೆ ನೋಡು, ಚುಕ್ಕಿ ಕಾಣ್ತವೆ."

"ಮತ್ತ ಇದು ಸಪ್ಪಳ?"

"ಹುಳ ಸೊಪ್ಪು ಮೇಯ್ತಾ ಅವೆ."

ಅವಳು ನಕ್ಕಳು. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ನಗು ನಿಂತಿತು. "ಹುಳ ಸಪ್ಪಳ ಮಾಡ್ತಾವೇನ್ರಿ ಅಜ್ಜಿ? ಇಷ್ಟು?"

ಅವಳು ಕಂಡ ಹುಳು ಎಂದರೆ ಬದನೆಕಾಯಿ ಒಳಗಿನದು, ಜೋಳದ ತೆನೆಯೊಳಗಿನದು. ಅವು ಸದ್ದು ಮಾಡುವುದಿಲ್ಲ. ಸಾವಿರಾರು ಹುಳು ಒಂದೇ ಸಮ ಮೇಯ್ದರೆ ಹೆಂಚಿನ ಮೇಲೆ ಸೋನೆ ಬಿದ್ದಂತೆ ಕೇಳುತ್ತದೆ ಎಂದು ನಾನು ಬಿಡಿಸಿ ಹೇಳಬಹುದಿತ್ತು. ನನಗೆ ಅದು ಹೇಳುವಂಥ ವಿಷಯ ಎಂದೇ ಅನಿಸಲಿಲ್ಲ. ನಮ್ಮೂರಲ್ಲಿ ಹಾಲು ಕುಡಿಯುವ ಮಗುವಿಗೂ ಆ ಸದ್ದು ಗೊತ್ತು. "ಹೂಂ, ಹುಳಾನೇ. ಉಂಡು ಮನಿಕೊ ಹೋಗು," ಅಂದೆ.

ನಾಲ್ಕು ದಿನ ಸದ್ದು ಹೆಚ್ಚುತ್ತ ಹೋಯಿತು. ಆಮೇಲೆ ನಾಲ್ಕನೇ ಜ್ವರಕ್ಕೆ ಕೂತವು, ಸದ್ದು ಪೂರ್ತಿ ನಿಂತಿತು. ಸದ್ದು ಇದ್ದಾಗ ಹೆದರದವಳು ನಿಂತಾಗ ಹೆದರಿದಳು. ಪಿಕ್ಚರಿನಲ್ಲಿ ಸದ್ದು ನಿಂತ ಕೂಡಲೇ ತಾನೇ ಅದು ಬರುವುದು.

ಅದೇ ಸಂಜೆ ನಾನು ತಲೆಗೆ ನೀರು ಹಾಕಿಕೊಂಡಿದ್ದೆ. ಹುಳುಮನೆಗೆ ಹೋಗುವಾಗ ಮಡಿಯಲ್ಲಿ ಹೋಗುವುದು ನನ್ನ ರೂಢಿ. ಕೂದಲು ಒದ್ದೆ ಎಂದು ಬಿಟ್ಟುಕೊಂಡಿದ್ದೆ. ಸೀರೆಯ ಮೇಲೆ ಗಂಡನ ಹಳೇ ಬಿಳಿ ಪಂಚೆ ಸುತ್ತಿದ್ದೆ. ಜ್ವರಕ್ಕೆ ಕೂತ ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸಬೇಕು, ಇಲ್ಲದಿದ್ದರೆ ಹಾಸು ಒದ್ದೆಯಾಗುತ್ತದೆ. ಪುಡಿ ಗಂಟಲಿಗೆ ಹೋಗದಿರಲೆಂದು ಬಾಯಿಗೆ ಬಟ್ಟೆ ಕಟ್ಟಿದ್ದೆ. ಕೆಲಸ ಮುಗಿಸಿ ಲಾಟೀನು ಹಿಡಿದು ಹೊರಗೆ ಬಂದಾಗ ಕೈ, ಮುಖ, ಹುಬ್ಬು ಎಲ್ಲ ಬೆಳ್ಳಗಾಗಿತ್ತು. ಎದುರಿಗೆ ಹುಡುಗಿ.

ಅವಳು ಕೂಗಿದ್ದು ರೋಡಿನಲ್ಲಿದ್ದ ಮಗನ ಮನೆಗೂ ಕೇಳಿತಂತೆ. ಕೋಣೆಗೆ ಓಡಿ ಚಿಲಕ ಹಾಕಿಕೊಂಡಳು.

"ನಾನು ಕಣಮ್ಮಿ! ಸುಣ್ಣ ಕಣೆ ಇದು!" ಎಂದು ಬಾಗಿಲು ತಟ್ಟಿದೆ. ತಟ್ಟಿದಷ್ಟೂ ಒಳಗಿನಿಂದ ಅಳು ಜೋರಾಯಿತು. ಆಮೇಲೆ ನನಗೂ ನಗು ಬಂತು, ಅದನ್ನು ತಡೆಯಬೇಕಿತ್ತು. ಕತ್ತಲೆಯಲ್ಲಿ ಮುದುಕಿಯ ನಗು ಕೇಳಿದರೆ ಯಾರಿಗೆ ಧೈರ್ಯ ಬರುತ್ತದೆ?

ಮಾರನೇ ದಿನ ಮುಖ ತೊಳೆದು, ಕೂದಲು ಗಂಟುಹಾಕಿ ಅವಳಿಗೆ ರೊಟ್ಟಿ ಕೊಟ್ಟೆ. ತೆಗೆದುಕೊಂಡಳು, ಕಣ್ಣೆತ್ತಿ ನೋಡಲಿಲ್ಲ. ಅವತ್ತೇ ಹುಳು ಜ್ವರದಿಂದ ಎದ್ದವು. ಇನ್ನು ಅದು ಹುಳುವಿನ ಕೊನೆಯ ಮೇವು, ದೊಡ್ಡ ಮೇವು. ಸದ್ದು ಗಾಳಿಮಳೆಯಂತೆ ಏಳುತ್ತದೆ. ಆ ವಾರವೆಲ್ಲ ನಾನು ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು. ಅವಳ ಕಡೆ ತಿರುಗಿ ನೋಡಲು ಹೊತ್ತಿರಲಿಲ್ಲ. ಭಾನುವಾರ ಬಂತು. ಅವಳು ಸೀಡಿ ತರಲಿಲ್ಲ, ಕರೆಯಲಿಲ್ಲ. ಕೋಣೆಯ ಹೊಸಿಲಿಗೆ ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿಟ್ಟಿದ್ದಳು. ಕಾರ್ಖಾನೆಯ ಹುಡುಗಿಯರು ಹೇಳಿಕೊಟ್ಟದ್ದಿರಬೇಕು.

ಎರಡು ದಿನ ಬಿಟ್ಟು ಸಂಜೆ ತಾನಾಗಿಯೇ ಬಂದು ಅಂಗಳದಲ್ಲಿ ನಿಂತಳು. ಧೈರ್ಯ ಮಾಡಿ ಬಂದಿದ್ದಳು ಎಂದು ಕಾಣುತ್ತಿತ್ತು.

"ಅಜ್ಜಿ, ಒಂದ ಸಲ ಬಾಗಲಾ ತಗದ ತೋರಸ್ರಿ. ಹುಳಾನ ಇದ್ರ ನಾ ನೋಡಿ ಸುಮ್ಕಾಗ್ತೀನಿ. ಇಲ್ಲೇ ಇರ್ತೀನಿ."

ಇಲ್ಲೇ ಇರ್ತೀನಿ ಎಂದು ಅವಳ ಬಾಯಿಂದಲೇ ಬಂತು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಬಹಳ ವರ್ಷದ ಹಿಂದೆ ನಮ್ಮ ಅಕ್ಕ ಅಕ್ಕೂರಿನಿಂದ ಬಂದಿದ್ದಳು. ಒಡಹುಟ್ಟಿದವಳು, ಬೇಡ ಎನ್ನಲು ಬಾಯಿ ಬರಲಿಲ್ಲ. ಒಳಗೆ ಬಂದು "ಏನ್ ಚೆನ್ನಾಗವಲ್ಲೇ" ಎಂದು ತಟ್ಟೆ ಮುಟ್ಟಿ ಹೋದಳು. ಮೂರನೇ ದಿನಕ್ಕೆ ಹುಳು ಊದಿಕೊಂಡು ಹಾಲಿನಂಥ ರಸ ಸುರಿಸಿ ಸತ್ತವು. ಮಂಕರಿಗಟ್ಟಲೆ ಗುಂಡಿಗೆ ಸುರಿದೆವು. ಅದು ರೋಗ, ಅಕ್ಕನಿಂದ ಬಂದದ್ದಲ್ಲ ಎಂದು ರೇಷ್ಮೆ ಇಲಾಖೆಯವರು ಹೇಳಿದರು. ಇರಬಹುದು. ಆ ವಾಸನೆ ಮೂಗಿನಲ್ಲಿ ಹಿಡಿದವಳಿಗೆ ಇಲಾಖೆಯ ಮಾತು ಕಿವಿಗೆ ಹೋಗುವುದಿಲ್ಲ. ಅವತ್ತಿನಿಂದ ಯಾರನ್ನೂ ಬಿಟ್ಟಿಲ್ಲ. ಇವಳ ಮೈಯಿಂದಲಂತೂ ಮಲ್ಲಿಗೆ ಸೆಂಟು ಮಾರು ದೂರ ಹೊಡೆಯುತ್ತಿತ್ತು.

"ಈಗ ಆಗಕಿಲ್ಲ ಮಗ. ಕಬ್ಬಾಳಮ್ಮನಾಣೆ, ಒಳಗಿರೋದು ಹುಳ."

"ಯಾ ಅಮ್ಮರಿ?"

ಅವಳಿಗೆ ಕಬ್ಬಾಳಮ್ಮ ಯಾರೆಂದೇ ಗೊತ್ತಿರಲಿಲ್ಲ. ನಮ್ಮ ಕಡೆಯ ದೇವರು ಇಲ್ಲದ ಊರಿನವಳಿಗೆ ಆ ದೇವರ ಮೇಲೆ ಆಣೆ ಇಟ್ಟು ಏನು ಪ್ರಯೋಜನ?

"ಹುಳ ಹಣ್ಣಾಗ್ಲಿ. ಗೂಡು ಕಟ್ಟೋಕೆ ಬುಡೋ ದಿನ ಎಲ್ರೂ ಒಳೀಕೆ ಬರ್ಬೋದು, ಎಷ್ಟು ಕೈ ಇದ್ರೂ ಸಾಲಕಿಲ್ಲ. ಅವತ್ತು ನಾನೇ ಕರೀತೀನಿ. ನಾಳಿದ್ದು."

ಅವಳ ಮುಖ ಸುಣ್ಣದಂತಾಯಿತು. "ನಾಳಿದ್ದು ಅಮಾಸಿ ಐತ್ರಿ," ಅಂದಳು.

ನಾನು ಅಮಾವಾಸ್ಯೆ ನೋಡಿ ಹೇಳಿರಲಿಲ್ಲ, ಹುಳುವಿನ ಬಣ್ಣ ನೋಡಿ ಹೇಳಿದ್ದೆ. ಹುಳುವಿಗೆ ಕ್ಯಾಲೆಂಡರ್ ತಿಳಿಯದು. ಆದರೆ ಅವಳು ನೋಡಿದ ಪಿಕ್ಚರಿನಲ್ಲಿ ಮುದುಕಿಯರು ಬಾಗಿಲು ತೆಗೆಯುವುದು ಅಮಾವಾಸ್ಯೆಗೇ. ಅವಳು ಹಿಂದೆ ಹಿಂದೆ ಹೆಜ್ಜೆ ಇಟ್ಟು ಕೋಣೆಗೆ ಹೋದಳು. ಸ್ನಾನ ಮಾಡಿಸಿ, ನನ್ನ ಒಗೆದ ಸೀರೆ ಉಡಿಸಿ, ಹೊಸಿಲಲ್ಲೇ ನಿಲ್ಲಿಸಿ ಒಂದು ಗಳಿಗೆ ತೋರಿಸಬಹುದಿತ್ತು. ಇದು ನನಗೆ ಹೊಳೆದದ್ದು ಅವಳು ಹೋದ ನಾಲ್ಕು ದಿನಕ್ಕೆ.

ಮಾರನೇ ಸಂಜೆ ಅವಳು ವ್ಯಾನಿನಲ್ಲಿ ಬರಲಿಲ್ಲ, ಆಟೋದಲ್ಲಿ ಬಂದಳು. ಜೊತೆಗೆ ಕಾರ್ಖಾನೆಯ ಇನ್ನೊಬ್ಬ ಹುಡುಗಿ, ಕನಕಪುರದ ಕಡೆಯವಳು. ಟ್ರಂಕು, ಟೀವಿ, ಚಾಪೆ ಆಟೋಗೆ ಹಾಕಿದರು. ಕನಕಪುರದವಳು ನನ್ನ ಮುಖ ನೋಡದೆ ಕಾಲನ್ನೇ ನೋಡುತ್ತಿದ್ದಳು. ದೆವ್ವಕ್ಕೆ ಪಾದ ಹಿಂದು ಮುಂದಾಗಿರುತ್ತದಂತೆ. ನಾನು ಸೀರೆ ಸ್ವಲ್ಪ ಎತ್ತಿ ಹಿಡಿದೆ.

"ಸರಿಯಾಗ್ ನೋಡ್ಕಳವ್ವ. ಮುಂದಕ್ಕೇ ಅವೆ."

"ಬಾರೆ ಬೇಗ, ಕತ್ಲಾಯ್ತದೆ," ಎಂದು ಅವಳು ಇವಳ ಕೈ ಎಳೆದಳು.

ನಮ್ಮ ಹುಡುಗಿ ಮಾತ್ರ ನಿಂತಳು. ಕಣ್ಣಲ್ಲಿ ನೀರಿತ್ತು, ನಗಲೂ ನೋಡಿದಳು. "ಸಿಟ್ಟಾಗಬ್ಯಾಡ್ರಿ ಅಜ್ಜಿ. ಸಪ್ಪಳ ಕೇಳಿದ್ರ ಮನಿ ಬಿಟ್ಟ ಹೋಗಬೇಕು ಅಂತ ನೀವ ಹೇಳಿದ್ರಲ್ಲ."

"ಅದು ಪಿಕ್ಚರ್ ಮಾತು ಕಣಮ್ಮಿ."

"ನನಗ ಎರಡೂ ಒಂದ ಆಗೇತ್ರಿ."

ಹುಳುಮನೆಯ ಬಾಗಿಲು ನಾನು ನಿಂತಲ್ಲಿಂದ ಐದಾರು ಹೆಜ್ಜೆ. ಒಳಗೆ ಹುಳುಗಳು ಮೇಯುತ್ತಿದ್ದವು, ಅಂಗಳಕ್ಕೆಲ್ಲ ಕೇಳುತ್ತಿತ್ತು. ಇನ್ನೊಂದು ದಿನದ ಮಾತು, ಈಗ ತೆಗೆದು ಬೆಳೆ ಕೆಟ್ಟರೆ ಏನು ಮಾಡಲಿ ಎಂದುಕೊಂಡೆ. ಹುಡುಗಿ ಹೋದರೆ ತಡೆದುಕೊಳ್ಳಬಹುದು ಎಂದುಕೊಂಡೆ. ಬೆಳೆಯ ಮಾತು ಸರಿ ಇತ್ತೋ ಏನೋ. ಇನ್ನೊಂದು ಸರಿ ಇರಲಿಲ್ಲ. ಆಟೋ ಹೊರಟಿತು. ನಾನು ಸೊಪ್ಪು ಹಾಕಲು ಒಳಗೆ ಹೋದೆ.

ಬೆಳಗ್ಗೆ ಐದೂವರೆಗೆ ನೋಡುವಾಗ ಹುಳು ಹಣ್ಣಾಗಿದ್ದವು. ಮೇವು ಬಿಟ್ಟು, ಮೈ ಗಾಜಿನಂತಾಗಿ, ತಟ್ಟೆಯ ಅಂಚು ಹತ್ತುತ್ತಿದ್ದವು. ಸದ್ದೇ ಇರಲಿಲ್ಲ. ಬಾಗಿಲಿನ ಎರಡೂ ಕದ ಹಾರು ಹೊಡೆದು, ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಅಂಗಳಕ್ಕೆ ತಂದು ಒರಗಿಸಿದೆ. ಆರೂವರೆಗೆ ರೋಡಿಗೆ ಹೋಗಿ ನಿಂತೆ. ವ್ಯಾನು ಬಂತು. ಅಲ್ಲಿ ಹತ್ತುವವರು ಯಾರೂ ಇಲ್ಲವೆಂದು ಅದು ನಿಲ್ಲುವುದರಲ್ಲಿರಲಿಲ್ಲ. ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಕಿಟಕಿಗಳಲ್ಲಿ ಒಂದೊಂದೇ ಮುಖ ನೋಡಿದೆ.

"ಏನಜ್ಜೀ?" ಅಂದ ಡ್ರೈವರ್.

"ನಮ್ಮನೇಲಿದ್ದ ಹುಡ್ಗಿ?"

"ಅವ್ಳು ಗೇಟ್ ಪಕ್ಕದಲ್ಲೇ ರೂಮ್ ಮಾಡ್ಕಂಡವ್ಳಂತೆ, ನಡ್ಕಂಡೇ ಬತ್ತಾಳೆ. ಏನಾರ ಹೇಳ್ಬೇಕಾ?"

"ಏನಿಲ್ಲ. ಹೋಗಪ್ಪ, ನಿಂಗ್ ಹೊತ್ತಾಯ್ತದೆ," ಅಂದೆ.

ಅಲ್ಲಿಂದ ನೇರ ಮಗನ ಮನೆಗೆ ಹೋಗಿ ಸೊಸೆಯನ್ನು ಎಬ್ಬಿಸಿದೆ, ಪಕ್ಕದ ಮನೆಗಳಿಂದ ಇನ್ನೂ ಮೂವರು ಹೆಂಗಸರನ್ನು ಕೂಗಿಕೊಂಡೆ. ಐದು ಜನ ಕೂತು ಮಧ್ಯಾಹ್ನದೊಳಗೆ ಅರ್ಧ ಹುಳು ಆಯ್ದು ಚಂದ್ರಿಕೆಗೆ ಬಿಟ್ಟೆವು.